ಮುಚ್ಚಳದ ಮೇಲೆ ಕೂತ ಅತ್ತಿಗೆ

ಗಾರೆ ಮೇಸ್ತ್ರಿಯ ಮನೆ ಹಿಂದಿನ ಕಕ್ಕಸು ಗುಂಡಿ ತುಂಬಿ ಎರಡು ದಿನವಾಗಿತ್ತು. ಹಿತ್ತಲಿಗೆ ಹೋದರೆ ಮೂಗು ಮುಚ್ಚಿಕೊಳ್ಳಬೇಕು. "ಭಾನುವಾರ ಬೆಳಿಗ್ಗೆ ನಾವೇ ಇಳಿದು ಖಾಲಿ ಮಾಡ್ತೀವಿ" ಎಂದು ಮೇಸ್ತ್ರಿ ತನ್ನ ತಮ್ಮನೊಂದಿಗೆ ಮಾತಾಡಿ ಮುಗಿಸಿದ್ದ.

ಶನಿವಾರ ಸಂಜೆ ಅವನ ಹೆಂಡತಿ ಆಸ್ಪತ್ರೆಯ ಸಭಾಂಗಣದಲ್ಲಿ ಜನರ ತಿಳಿವಳಿಕೆಗೆಂದು ತೋರಿಸಿದ ಒಂದು ಸಿನಿಮಾ ನೋಡಿದಳು. ನಿಜವಾಗಿ ನಡೆದ ದುರಂತವದು. ಗುಂಡಿಗಿಳಿದ ಅಣ್ಣ ಕುಸಿದು ಬೀಳುತ್ತಾನೆ. ಎತ್ತಲು ಹೋದ ತಮ್ಮನೂ ಮೇಲೆ ಬರುವುದಿಲ್ಲ. ಕೊನೆಯಲ್ಲಿ ಆ ಹುಡುಗರ ಹೆತ್ತ ತಾಯಿಯೇ ಪರದೆಯ ಮೇಲೆ ಬಂದಳು. "ಚಿಕ್ಕೋನು ಚಪ್ಪಲಿ ಬಿಚ್ಚಿಟ್ಟು ಹಾರಿದ. ಹೊಸ ಚಪ್ಪಲಿ, ಹಾಳಾಗ್ಬಾರ್ದು ಅಂತ" ಎಂದಳು, ಅಷ್ಟೇ.

ದೀಪ ಹತ್ತಿದ ಮೇಲೂ ಮೇಸ್ತ್ರಿಯ ಹೆಂಡತಿಗೆ ಏಳಲಾಗಲಿಲ್ಲ. ಪಕ್ಕದಲ್ಲಿದ್ದ ಆಸ್ಪತ್ರೆಯ ನರ್ಸಮ್ಮ ಕೈ ಹಿಡಿದಾಗ, "ನಾಳೆ ನಮ್ಮನೇಲಿ ಇದೇ ನಡೆಯೋದಿತ್ತು" ಎಂದು ಬಿಕ್ಕಿದಳು.

ಬೆಳಿಗ್ಗೆ ಮೇಸ್ತ್ರಿ ತಮ್ಮನ ಜೊತೆ ಹಾರೆ ಹಿಡಿದು ಬಂದರೆ, ಹೆಂಡತಿ ಗುಂಡಿ ಮುಚ್ಚಿದ ಚಪ್ಪಡಿ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ!

"ಏಳೇ, ಜನ ನೋಡ್ತಾರೆ."

"ನೋಡ್ಲಿ ಬಿಡ್ರೀ. ನಾನು ಏಳಲ್ಲ."

"ಸಿನಿಮಾ ನೋಡ್ಕೊಂಡು ಬಂದು ನನ್ನ ತಲೆ ತಿನ್ಬೇಡ. ಅರ್ಧ ಗಂಟೆ ಮುಚ್ಚಳ ತೆಗೆದಿಟ್ರೆ ಕೆಟ್ಟ ಗಾಳಿಯೆಲ್ಲ ಹೋಗುತ್ತೆ."

ಅಷ್ಟರಲ್ಲಿ, ಹಿಂದಿನ ಸಂಜೆಯ ಮಾತು ಕೇಳಿದ್ದ ನರ್ಸಮ್ಮ ಬಂದರು. "ಹೋಗಲ್ಲ ಮೇಸ್ತ್ರಿ. ಕೆಸರು ಕಲಕಿದ ಕೂಡ್ಲೇ ವಿಷದ ಗಾಳಿ ಮತ್ತೆ ಏಳುತ್ತೆ. ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತೆ, ಕೂಗೋಕೂ ಆಗಲ್ಲ. ಮೂಗಿಗೆ ಬಟ್ಟೆ ಕಟ್ಟಿದ್ರೂ ಅಷ್ಟೇ."

"ನಾನು ಗಟ್ಟಿ ಆಸಾಮಿ, ನನಗೇನಾಗಲ್ಲ."

ಹೆಂಡತಿ ಮೈದುನನತ್ತ ತಿರುಗಿದಳು. "ನಿಮ್ಮಣ್ಣ ಒಳಗೆ ಬಿದ್ರೆ ನೀನೇನು ಮಾಡ್ತೀಯಪ್ಪ?"

"ಅದನ್ನೂ ಕೇಳ್ತೀರಾ ಅತ್ತಿಗೆ? ಹಾರ್ತೀನಿ" ಎಂದ ಅವನು, ಹಿಂದೆಮುಂದೆ ನೋಡದೆ.

 ಮೇಸ್ತ್ರಿ ತಮ್ಮನ ಮುಖವನ್ನೇ ನೋಡಿದ. ಆಮೇಲೆ ಹಾರೆಯನ್ನು ಗೋಡೆಗೆ ಒರಗಿಸಿ, "ನರ್ಸಮ್ಮ, ಗುಂಡಿ ಖಾಲಿ ಮಾಡೋ ಗಾಡಿಯವರ ನಂಬರ್ ಕೊಡಿ" ಎಂದ.

ಸೋಮವಾರ ಮಧ್ಯಾಹ್ನ ಗಾಡಿ ಬಂತು. ಗುಂಡಿಗೆ ಕೊಳವೆ ಇಳಿಯಿತು, ಮನುಷ್ಯರು ಯಾರೂ ಇಳಿಯಲಿಲ್ಲ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸವೂ ಮುಗಿದಿತ್ತು.

ನಿಮ್ಮ ಮನೆಯ ಗುಂಡಿ ತುಂಬಿದೆಯೇ? ನೀವೂ ಇಳಿಯಬೇಡಿ, ಇನ್ನೊಬ್ಬರನ್ನೂ ಇಳಿಸಬೇಡಿ. ಯಂತ್ರದ ಗಾಡಿ ಕರೆಸಿ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಹಾರಬೇಡಿ. ತಕ್ಷಣ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ವಾಸನೆಯನ್ನು ಇನ್ನೊಂದು ದಿನ ಹೇಗೋ ತಡೆದುಕೊಳ್ಳಬಹುದು. ಹೋದ ಜೀವವನ್ನು ಯಾವ ಗಾಡಿಯೂ ತಂದುಕೊಡುವುದಿಲ್ಲ.