ನಿದ್ದೆಯಲ್ಲಿ ಹರಿದ ತಾಳಿ

ನಿದ್ದೆಯಲ್ಲಿ ಸದ್ದು ಮಾಡದವರು ಯಾವ ಊರಲ್ಲಿದ್ದಾರೆ ಹೇಳಿ? ಒಬ್ಬರ ಗೊರಕೆ ಅಕ್ಕಿಆಲೂರಿನ ರೈಸ್‌ಮಿಲ್ಲಿನಂತೆ ಗರ್‌ರ್ ಎಂದು ಏರಿ, ಕರೆಂಟು ಹೋದಂತೆ ಗಪ್ಪನೆ ನಿಲ್ಲುತ್ತದೆ. ಇನ್ನೊಬ್ಬಾಕೆ ಕಣ್ಣು ಮುಚ್ಚಿಕೊಂಡೇ ಸಂತೆ ಮಾಡುತ್ತಾಳೆ: "ಬದನಿಕಾಯಿಗೆ ಹುಳಾ ಹತ್ಯಾವು, ಒಲ್ಲೆ ಹೋಗಾ!" ಬೆಳಿಗ್ಗೆ ನಾವೆಲ್ಲ ಅದನ್ನೇ ಅಣಕಿಸಿ ನಗುತ್ತೇವೆ.

ತಿಳವಳ್ಳಿಯ ರೈತ ಬಸವಣ್ಣೆಪ್ಪನ ಮನೆಯಲ್ಲೂ ಮೊದಮೊದಲು ನಗುವೇ ಇತ್ತು. ಅವನು ನಿದ್ದೆಯಲ್ಲಿ ಕೈ ಬೀಸುತ್ತಿದ್ದ, "ಹೋಯ್! ಹೋಯ್!" ಎಂದು ಕೂಗುತ್ತಿದ್ದ. ಹೆಂಡತಿ ಸುಶೀಲವ್ವ ಆ ಕಡೆ ಹೊರಳಿ ಮಲಗುತ್ತಿದ್ದಳು. ಒಂದು ದಿನ ಬೆಳಗಿನ ಜಾವ ಅವನ ಕೈ ಅವಳ ಕೊರಳಿಗೆ ಬಿತ್ತು. ಒಂದೇ ಜಗ್ಗು. ತಾಳಿ ಹರಿದು ಕರಿಮಣಿಗಳೆಲ್ಲ ಹಾಸಿಗೆಯ ಮೇಲೆ ಚೆಲ್ಲಿದವು.

ಕಟ್ಟಿದ ಕೈಯೇ ತಾಳಿ ಹರಿದರೆ ಹೆಂಗಸು ಏನೆಂದುಕೊಳ್ಳಬೇಕು? ಮನೆಯ ಹಿರಿಯರು ಕೂಡಿದರು.

"ಯಾಕ ಹರದಿ ಬಸವಣ್ಣೆಪ್ಪಾ?"

"ಗೊತ್ತಿಲ್ರಿ."

"ಹೆಂಡತಿ ಮ್ಯಾಲ ಅಷ್ಟು ಸಿಟ್ಟೇನು?"

ಬಸವಣ್ಣೆಪ್ಪ ನೆಲ ನೋಡುತ್ತ ಕುಳಿತ. ಸುಮ್ಮನಿದ್ದವನನ್ನು ಎಲ್ಲರೂ ತಪ್ಪಿತಸ್ಥನೆಂದೇ ತಿಳಿದರು. ಸುಶೀಲವ್ವ ಅಕ್ಕಿಆಲೂರಿನಲ್ಲಿದ್ದ ಮಗಳು ಶ್ವೇತಾಳ ಮನೆಗೆ ಹೋದಳು. ಹೋದವಳು ನಾಲ್ಕು ವರ್ಷ ತಿರುಗಿ ನೋಡಲಿಲ್ಲ.

ಈ ವರ್ಷ ಆರೋಗ್ಯ ಕಾರ್ಯಕರ್ತೆ ಶಬನಮ ಬಿ.ಪಿ. ನೋಡಲು ಬಸವಣ್ಣೆಪ್ಪನ ಮನೆಗೆ ಬಂದಳು. ತೋಳಿಗೆ ಪಟ್ಟಿ ಸುತ್ತಲು ಹೋದರೆ ಮಣಿಕಟ್ಟಿನ ಸುತ್ತ ಕೆಂಪು ಬರೆ ಕಂಡಿತು.

"ಕಾಕಾ, ಇದೇನ್ರಿ? ಯಾರು ಕಟ್ಟಿ ಹಾಕಿದ್ರು ನಿಮ್ಮನ್ನ?"

"ನಾನ ಕಟಗೊಂತೇನವಾ, ಎತ್ತಿನ ಹಗ್ಗದಿಂದ ಮಂಚದ ಕಾಲಿಗೆ. ಇಲ್ಲಂದ್ರ ನಿದ್ದಿಗಣ್ಣಾಗ ಗ್ವಾಡಿಗೆ ಬಡಕೊಂತೇನಿ."

"ಅವಾಗ ಏನು ಕನಸು ಬೀಳ್ತೈತ್ರಿ?"

ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಬಸವಣ್ಣೆಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ.

"ಹೋರಿ ಹಬ್ಬದ್ದವಾ. ಕೊಳ್ಳಾಗ ಕೊಬ್ಬರಿ ಸರಾ ಕಟ್ಟಿದ ಹೋರಿ ಓಡಿ ಬರ್ತೈತಿ. ನಾ ಹಾರಿ ಸರಾ ಹರಿತೇನಿ. ವಯಸ್ಸಿನ್ಯಾಗ ಅದರಾಗ ನಂದು ಎತ್ತಿದ ಕೈ."

"ಮತ್ತ ಹಿರೇರ ಮುಂದ ಯಾಕ ಹೇಳ್ಳಿಲ್ರಿ?"

"ಹೆಂಗ ಹೇಳ್ಲಿ? ಹೆಂಡತೀನ ಹೋರಿ ಅಂತ ತಿಳಕೊಂಡಾ ಅಂತ ಊರೆಲ್ಲ ನಗತಿತ್ತು. ಆಕಿಗೂ ಅವಮಾನ."

ಶಬನಮಳಿಗೆ ತರಬೇತಿಯಲ್ಲಿ ಕೇಳಿದ ಮಾತು ನೆನಪಾಯಿತು. "ಕಾಕಾ, ಇದು ಸಿಟ್ಟಲ್ಲ, ಕಾಯಿಲಿ ಇರಬೇಕು. ಹುಬ್ಬಳ್ಳ್ಯಾಗ ತೋರಸೋಣು. ಆದ್ರ ನಿಮ್ಮ ನಿದ್ದಿ ಕಂಡಾಕಿ ಒಬ್ಬಾಕಿನ. ಡಾಕ್ಟರು ಆಕಿನ್ನ ಕೇಳೇ ಕೇಳ್ತಾರ."

ಮರುದಿನವೇ ಶಬನಮ ಅಕ್ಕಿಆಲೂರಿನ ಬಸ್ಸು ಹತ್ತಿದಳು. ಸುಶೀಲವ್ವ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಎಲ್ಲ ಕೇಳಿಸಿಕೊಂಡು ಮೂಗು ಮುರಿದಳು.

"ಹೋರಿ ಅಂತ, ಕನಸಂತ! ನಾಕು ವರ್ಷ ಕುಂತು ಒಂದು ಕತಿ ಕಟ್ಟ್ಯಾರ. ಹಗಲಿ ನೆಟ್ಟಗಿದ್ದು ನಿದ್ದ್ಯಾಗಷ್ಟ ಬಡಿಯೋ ಕಾಯಿಲಿ ಎಲ್ಲೇರ ಐತೇನ ಶಬನಮ?"

"ಐತ್ರಿ. ಮಿದುಳಿನ ಫೋಟೋ ತಗೀತಾರ. ಮಲಗಿಸಿ ನಿದ್ದಿ ಪರೀಕ್ಷೇನೂ ಮಾಡ್ತಾರ."

ಸುಶೀಲವ್ವ ಮೊರ ಕೆಳಗಿಟ್ಟಳು. "ಆ ಫೋಟೋದಾಗ ನನ್ನ ಮ್ಯಾಲಿನ ಸಿಟ್ಟು ಕಾಣತೈತೇನು? ಕಾಣತೈತಿ ಅಂದ್ರ ಬರ್ತೇನಿ. ಒಮ್ಮೆ ನೋಡೇ ಬಿಡ್ತೇನಿ."

ಮೂವರೂ ಹುಬ್ಬಳ್ಳಿಗೆ ಹೋದರು. ಸುಶೀಲವ್ವ ಅಲ್ಲೂ ಅದನ್ನೇ ಕೇಳಿದಾಗ ಡಾಕ್ಟರಮ್ಮ ನಗಲಿಲ್ಲ. "ಸಿಟ್ಟು, ಪ್ರೀತಿ ಫೋಟೋದಲ್ಲಿ ಕಾಣೋದಿಲ್ಲಮ್ಮ. ಮಿದುಳಿನಲ್ಲಿ ಗಡ್ಡೆ, ಗಾಯ ಇದ್ದರೆ ಕಾಣುತ್ತೆ. ನಿದ್ದೆಯಲ್ಲಿ ಏನು ಬದಲಾಗುತ್ತೆ ಅನ್ನೋದಕ್ಕೆ ಇನ್ನೊಂದು ಪರೀಕ್ಷೆ ಇದೆ" ಎಂದರು. ಎಂ.ಆರ್.ಐ. ಆಯಿತು. ಗಡ್ಡೆ ಇರಲಿಲ್ಲ. ಆಮೇಲೆ ತಲೆಗೆ, ಗದ್ದಕ್ಕೆ, ಕೈಕಾಲಿಗೆ ವೈರು ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು ಬಸವಣ್ಣೆಪ್ಪನನ್ನು ಮಲಗಿಸಿದರು.

ಬೆಳಿಗ್ಗೆ ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಸುಶೀಲವ್ವನ ಕಡೆ ತಿರುಗಿಸಿದರು. "ಇಲ್ಲಿಂದ ಕನಸಿನ ನಿದ್ದೆ ಶುರು. ಈ ಹೊತ್ತಿನಲ್ಲಿ ಮಿದುಳು ಚುರುಕಾಗಿರುತ್ತೆ, ಆದರೆ ಕೈಕಾಲಿಗೆ ಬೀಗ ಹಾಕಿರುತ್ತೆ. ಅದಕ್ಕೇ ನಾವು ಕನಸಲ್ಲಿ ಎಷ್ಟು ಓಡಿದರೂ ಹಾಸಿಗೆಯಲ್ಲೇ ಇರುತ್ತೇವೆ. ಇವರ ಬೀಗ ಸಡಿಲಾಗಿದೆ."

ಅಷ್ಟರಲ್ಲಿ ಪರದೆಯೊಳಗಿನ ಬಸವಣ್ಣೆಪ್ಪ "ಹೋಯ್!" ಎಂದು ದಿಂಬನ್ನು ಹಿಡಿದು ಜಗ್ಗಿದ. ಕಣ್ಣು ಮುಚ್ಚಿಯೇ ಇತ್ತು. ಮುಖದಲ್ಲಿ ಸಿಟ್ಟು ಇರಲಿಲ್ಲ. ಇಪ್ಪತ್ತರ ಹುಡುಗನ ಖುಷಿ ಇತ್ತು.

ಸುಶೀಲವ್ವ ಸೆರಗು ಬಾಯಿಗೆ ಹಿಡಿದಳು. "ಅವತ್ತು ನಾ ಹರದ ಮಣಿ ಆರಿಸಿಕೋತ ಕುಂತೆ. ಇವರ ಮಾರಿ ನೋಡ್ಲೇ ಇಲ್ಲ."

ಡಾಕ್ಟರಮ್ಮ ಮಾತ್ರೆ ಬರೆದರು. ಹಗ್ಗ ಬೇಡ, ನೆಲದ ಮೇಲೆ ಹಾಸಿಗೆ ಹಾಕಿ, ಸದ್ಯಕ್ಕೆ ಬೇರೆ ಬೇರೆ ಮಲಗಿ ಎಂದರು. ಬರೆಯುತ್ತಿದ್ದವರು ಅವನ ಬಲಗೈ ನೋಡಿ ಪೆನ್ನು ನಿಲ್ಲಿಸಿದರು. ಬೆರಳು ಸಣ್ಣಗೆ ನಡುಗುತ್ತಿತ್ತು.

"ಇದು ಎಷ್ಟು ದಿನದಿಂದ?" ಎಂದು ಹೆಂಡತಿಯನ್ನು ಕೇಳಿದರು.

"ಗೊತ್ತಿಲ್ರಿ," ಅಂದಳು ಸುಶೀಲವ್ವ. "ನಾ ಇರಲಿಲ್ಲ."

ಈ ನಿದ್ದೆಯ ಕಾಯಿಲೆ ಇದ್ದವರಲ್ಲಿ ಹಲವರಿಗೆ ವರ್ಷಗಳು ಕಳೆದ ಮೇಲೆ ನಡುಕದ ಕಾಯಿಲೆ ಬರುವುದುಂಟು. ಎಲ್ಲರಿಗೂ ಬಂದೇ ಬರುತ್ತದೆ ಎಂದಲ್ಲ. ಆದರೆ ನಿದ್ದೆಯ ತೊಂದರೆ ಮೊದಲೇ ಗೊತ್ತಾಗಿದ್ದರೆ ಡಾಕ್ಟರು ಆಗಿನಿಂದಲೇ ಗಮನ ಇಡಬಹುದಿತ್ತು.

ಸುಶೀಲವ್ವ ಈಗ ತಿಳವಳ್ಳಿಯಲ್ಲೇ ಇದ್ದಾಳೆ. ಮಾತ್ರೆಯಿಂದ ಕೂಗಾಟ ಕಡಿಮೆಯಾಗಿದೆ. ಕೈನಡುಕ ನಿಂತಿಲ್ಲ. ಚಹಾದ ಕಪ್ಪು ಬಸಿಯಲ್ಲಿ ಕಟಕಟ ಎನ್ನುವಾಗ ಅವಳು ಕೆಳಗೆ ಕೈ ಒಡ್ಡುತ್ತಾಳೆ.

"ಅವತ್ತ ಹೇಳಬಾರದಿತ್ತೇನ್ರಿ?"

"ನೀನರ ಕೇಳಬಾರದಿತ್ತೇನ?"

ಅವಳು ಬಸಿಗೆ ಚೆಲ್ಲಿದ ಚಹಾವನ್ನು ಮತ್ತೆ ಕಪ್ಪಿಗೆ ಸುರಿಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ನಿದ್ದೆಯಲ್ಲಿ ಒದ್ದರೆ, ಹೊಡೆದರೆ, ಹಾಸಿಗೆಯಿಂದ ಹಾರಿದರೆ ಅದನ್ನು ಸಿಟ್ಟು ಎನ್ನಬೇಡಿ, ದೆವ್ವ ಎನ್ನಬೇಡಿ, ಪಂಚಾಯಿತಿ ಕೂಡಿಸಬೇಡಿ. ಕೈಗೆ ತಾಗುವಂಥ ಗಾಜು, ಕಬ್ಬಿಣ ದೂರ ಸರಿಸಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಡಾಕ್ಟರಿಗೆ ತೋರಿಸಿ. ಅದಕ್ಕೂ ಮುಂಚೆ, ಎದ್ದ ಕೂಡಲೇ ಪಕ್ಕದಲ್ಲಿ ಕುಳಿತು ಏನು ಕನಸು ಬಿತ್ತು ಎಂದು ಕೇಳಿ. ಬಸವಣ್ಣೆಪ್ಪನನ್ನು ಒಬ್ಬರು ಕೇಳುವಷ್ಟರಲ್ಲಿ ನಾಲ್ಕು ವರ್ಷ ಹೋಗಿತ್ತು. ನೀವು ನಾಳೆ ಬೆಳಿಗ್ಗೆಯೇ ಕೇಳಿ.