ಹೆಬ್ಬೆರಳು

ಈ ಪುಣ್ಯಾತ್ಮ ಒಂದು ಗಳಿಗೆ ಬಾಯಿ ಮುಚ್ಚಬಾರದೇ, ಕೆಂಪು ಕೊಡೆ ಎತ್ತಿ ಹಿಡಿದ ಗೈಡಿನ ಕಟ್ಟಿಸಿದ ಹಲ್ಲು ಪ್ರತಿ ಮಾತಿಗೂ ಒಸಡು ಬಿಟ್ಟು ಏಳುತ್ತದೆ, ಕೂರುತ್ತದೆ, ಮತ್ತೆ ಏಳುತ್ತದೆ, ಯಾರೋ ಅಳತೆ ಕೆಟ್ಟದಾಗಿ ತೆಗೆದಿದ್ದಾರೆ, ಅವಳಿಗೆ ಅದು ಬಿಟ್ಟು ಬೇರೇನೂ ಕಾಣುತ್ತಿಲ್ಲ, ಪರದೇಶದ ಈ ಮ್ಯೂಸಿಯಮ್ಮಿನ ಚಾವಣಿಯ ಚಿತ್ರದಲ್ಲಿ ದೇವತೆಗಳು ಹಾರುತ್ತಿದ್ದರೆ ಹಾರಲಿ — ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಯ ಅಚ್ಚಿಗೆ ಹಲ್ಲು ಜೋಡಿಸಿ ಜೋಡಿಸಿ ಅವಳ ಕಣ್ಣೇ ಹಾಗಾಗಿಹೋಗಿದೆ, ಆ ಕೋರ್ಸಿಗೆ ಸೇರಿದ ವಾರದಲ್ಲೇ ಹಾಸ್ಟೆಲಿನಲ್ಲಿ ಟೀಚರಮ್ಮ ಅವಳಿಗೆ ಹಲ್ಲಕ್ಕ ಎಂದು ಹೆಸರಿಟ್ಟಾಗಿತ್ತು, ಆಗಿನ್ನೂ ಟೀಚರಾಗಿರದ ಟೀಚರಮ್ಮ, ಈಗ ಹೆಡ್ಮಿಸ್ಸು, ಇಲ್ಲೂ ಗೈಡಿನ ಬೆನ್ನಿಗೇ ಅಂಟಿ ಮೊದಲ ಬೆಂಚಿನ ಹುಡುಗಿಯ ಹಾಗೆ ತಲೆಯಾಡಿಸುತ್ತಾಳೆ, ಮೂರನೆಯವಳು ಗೊಂಬೆ, ಹಾಸ್ಟೆಲಿಗೇ ಚೆಲುವೆ, ಅವತ್ತೂ ಗೊಂಬೆ, ಇವತ್ತೂ ಗೊಂಬೆ, ಅವಳ ಪಕ್ಕ ಅವಳ ಗಂಡ, ಈ ಪ್ರವಾಸದ ಸಂತೋಷಕ್ಕೆಲ್ಲ ತಾನೇ ಯಜಮಾನನೆಂಬ ಹಾಗೆ. ಸಾರ್ ಗೀರ್ ಎಲ್ಲ ಬೇಡ ಹಲ್ಲಕ್ಕ, ಭಾವ ಅನ್ನಿ, ನಾದಿನಿ ಜೊತೆ ನಾಲ್ಕು ತಮಾಷೆ ಮಾಡ್ಬಾರ್ದಾ ನಾನು, ಎಂದು ಬೆಳಿಗ್ಗೆ ರೈಲಿನಲ್ಲೇ ಹೇಳಿದ್ದ, ಅವಳೂ ಭಾವ ಎಂದುಬಿಟ್ಟಿದ್ದಳು, ಎಂದ ಮೇಲೆ ಬಾಯೆಲ್ಲ ಹುಳಿ. ಜನವೋ ಜನ, ಒಬ್ಬರ ಉಸಿರು ಇನ್ನೊಬ್ಬರ ಮೂಗಿಗೆ, ಬೆವರಿನ ಮೇಲೆ ಸೆಂಟು, ಸೆಂಟಿನ ಮೇಲೆ ಬೆವರು, ಎಲ್ಲರೂ ಫೋನು ಎತ್ತಿ ಹಿಡಿದು ಏನೋ ಜಗಿಯುತ್ತ ಮಹಾನ್ ಕಲೆಯನ್ನು ನೋಡುತ್ತಿದ್ದಾರೆ, ಅಲ್ಲಲ್ಲ, ತಮ್ಮ ಮುಖದ ಹಿಂದೆ ಕಲೆ ಬಂತೋ ಇಲ್ಲವೋ ನೋಡಿಕೊಳ್ಳುತ್ತಿದ್ದಾರೆ, ಬಾಗಿಲ ಚೌಕಟ್ಟಿನಲ್ಲಿ ಕೈಯಿಟ್ಟರೆ ಯಾರೋ ಜಗಿದು ಅಂಟಿಸಿದ ಗಮ್ಮು, ಇನ್ನೂ ಒದ್ದೆ, ಥೂ. ಆಮೇಲೆ ಆ ಒಳಕೋಣೆ, ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಮಗ್ಗುಲಾಗಿ ಮಲಗಿದ ಅಮೃತಶಿಲೆಯ ಹೆಣ್ಣು, ನಿದ್ದೆಯಲ್ಲಿ ತುಟಿ ಮುಚ್ಚಿದ್ದಾಳೆ, ಅಬ್ಬ, ಇಡೀ ಊರಿನಲ್ಲಿ ಮುಚ್ಚಿದ ಬಾಯಿ ಇದೊಂದೇ, ಹತ್ತು ನಿಮಿಷ ಇವಳ ಹತ್ತಿರ ಕೂತಿರೋಣ ಎಂದು ಅವಳಿಗೆ ಅನ್ನಿಸುವಷ್ಟರಲ್ಲಿ ಕಾವಲಿನವಳು ಅತ್ತ ತಿರುಗಿದಳು, ಗೊಂಬೆಯ ಗಂಡ ಹಗ್ಗದಾಚೆ ಕೈ ಚಾಚಿದ, ಕಲ್ಲಿನ ಬೆನ್ನಹುರಿಯ ಉದ್ದಕ್ಕೂ ಹೆಬ್ಬೆರಳು ಎಳೆದ, ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ, ಮೈ ಎಷ್ಟು ನುಣುಪು ನೋಡಿ, ಮಾತಾಡಲ್ಲ, ಬೇಡ ಅನ್ನಲ್ಲ, ಹೆಂಡ್ತಿ ಅಂದ್ರೆ ಹೀಗಿರ್ಬೇಕು — ಎಲ್ಲರೂ ನಕ್ಕರು, ಟೀಚರಮ್ಮ ಕೂಡ, ಗೊಂಬೆ ಎಲ್ಲರಿಗಿಂತ ಜೋರಾಗಿ.

ಗೋಪುರ ಬೇಡ, ಕೆಳಗೇ ಇರ್ತೀನಿ ಎಂದಳು, ಅಯ್ಯೋ ಇಷ್ಟು ದೂರ ಬಂದು ಹತ್ತದೇ ಹೋಗ್ತೀಯಾ ಎಂದು ಟೀಚರಮ್ಮ ಕೈ ಹಿಡಿದು ಎಳೆದಳು, ಕಲ್ಲಿನ ಮೆಟ್ಟಿಲು ಸುತ್ತಿ ಸುತ್ತಿ ಏರುತ್ತದೆ, ಗೋಡೆಗೆ ಜನರ ಮೈಜಿಡ್ಡು ಹತ್ತಿ ಕಪ್ಪಗೆ ಹೊಳೆಯುತ್ತದೆ, ಮುಂದೆ ಯಾರದೋ ಬೆವರಿದ ಬೆನ್ನು, ಅದರಾಚೆ ಟೀಚರಮ್ಮ, ಅದರಾಚೆ ಗೊಂಬೆ, ಹಿಂದೆ ಯಾರು, ಹಿಂದೆ ಭಾವ, ನಾನಿದೀನಿ ಬಿಡಿ ಹಲ್ಲಕ್ಕ, ಬಿದ್ರೆ ಹಿಡ್ಕೋತೀನಿ, ತಿರುವಿನಲ್ಲಿ ಬೆಳಕು ಹೋಯಿತು, ಸಾಲು ನಿಂತಿತು, ಆಗ ಕುತ್ತಿಗೆಯ ಹಿಂದೆ, ಕಟ್ಟಿದ ಕೂದಲಿನ ಕೆಳಗೆ ಏನೋ — ಹುಳವೇ, ಹುಳವಲ್ಲ, ಬೆಚ್ಚಗಿದೆ, ಒದ್ದೆಯಿದೆ, ಬೆನ್ನಹುರಿಯ ಗಂಟು ಗಂಟಿನ ಮೇಲೂ ಇಳಿಯುತ್ತಿದೆ, ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ, ಅದೇ ಹೆಬ್ಬೆರಳು, ಅದೇ ನಿಧಾನ, ತಿರುಗಲು ಜಾಗವಿಲ್ಲ, ಕಿರುಚಲು ಬಾಯಿ ತೆರೆದರೆ ಬಾಯಿಯೊಳಗೆ ಪ್ಲಾಸ್ಟರ್ ಹಾಕಿ ಗಟ್ಟಿಯಾದ ಹಾಗೆ, ಅಚ್ಚು ತೆಗೆಯುವಾಗ ಜನ ಉಸಿರು ಕಟ್ಟಿ ಕಣ್ಣು ಕಣ್ಣು ಬಿಡುತ್ತಾರಲ್ಲ, ಮೂಗಲ್ಲಿ ಉಸಿರಾಡಿ ಎಂದು ಡಾಕ್ಟರ ಪಕ್ಕ ನಿಂತು ಅವರಿಗೆ ಎಷ್ಟು ಸಲೀಸಾಗಿ ಹೇಳುತ್ತಾಳೆ, ಮೂಗಲ್ಲಿ ಉಸಿರಾಡು, ಮೂಗಲ್ಲಿ, ಸಾಲು ಮುಂದೆ ಹೋಯಿತು. ಮೇಲೆ ಗಾಳಿ, ಕೆಂಪು ಹೆಂಚಿನ ಸಮುದ್ರ, ನದಿ, ಸೇತುವೆ, ಆಹಾ ಎನ್ನುವ ಬಾಯಿಗಳು, ಅವಳು ಗೋಡೆ ಹಿಡಿದು ಬೆನ್ನನ್ನು ಅದಕ್ಕೆ ಒತ್ತಿ ನಿಂತಳು. ಯಾಕ್ರೀ ಹಲ್ಲಕ್ಕ, ಎತ್ತರ ಅಂದ್ರೆ ಭಯಾನಾ, ಎಂದ ಅವನು.

ಕೆಳಗಿಳಿದ ಮೇಲೆ ಹೆಂಗಸರ ಶೌಚಾಲಯದ ಸಾಲು, ನೆಲ ಒದ್ದೆ, ಕಾಲಿಗೆ ಅಂಟುವ ಕಾಗದ, ಯಾರೋ ನೀರು ಹಾಕದೇ ಹೋಗಿದ್ದಾರೆ, ಅಲ್ಲಿ ಹೇಳುವ ಮಾತೇ ಇದು, ಬೇರೆಲ್ಲಿ ಹೇಳುವುದು, ಗೊಂಬೆ ಕನ್ನಡಿಗೆ ಬಗ್ಗಿ ತುಟಿಗೆ ಬಣ್ಣ ಹಚ್ಚುತ್ತಿದ್ದಾಳೆ. ನೋಡೇ, ಮೆಟ್ಟಿಲಲ್ಲಿ ನಿನ್ ಗಂಡ ನನ್ ಬೆನ್ನು ಮುಟ್ಟಿದ್ರು. ಇಕ್ಕಟ್ಟಿತ್ತಲ್ಲ, ತಾಗಿರುತ್ತೆ ಬಿಡು. ತಾಗಿದ್ದಲ್ಲ ಕಣೇ, ಸವರಿದ್ದು. ತುಟಿಯ ಮೇಲೆ ಬಣ್ಣದ ಕಡ್ಡಿ ನಿಂತಿತು, ಈಗ ಅಳುತ್ತಾಳೆ, ಈಗ ಕಪಾಳಕ್ಕೆ ಹೊಡೆಯುತ್ತಾಳೆ, ಎರಡರಲ್ಲಿ ಯಾವುದಾದರೂ ಸರಿಯೇ, ಆದರೆ ಗೊಂಬೆ ಉಳಿದರ್ಧ ತುಟಿಗೂ ಬಣ್ಣ ಹಚ್ಚಿ ಮುಗಿಸಿ, ನಿನ್ನನ್ನೂ ಬಿಡ್ಲಿಲ್ವಾ ಎಂದಳು. ನಿನ್ನನ್ನೂ, ಊ, ಆ ಒಂದಕ್ಷರ, ನಮ್ಮನೇಲಿ ಕೆಲಸದವರು ಯಾಕೋ ನಿಲ್ಲಲ್ಲ ಕಣೇ ಎಂದು ಗೊಂಬೆ ಫೋನಿನಲ್ಲಿ ಗೋಳಾಡುತ್ತಿದ್ದುದು, ಚಿಕ್ಕಮ್ಮನ ಮಗಳು ಬರೋದೇ ಬಿಟ್ಟಿದ್ದಾಳೆ, ಸೊಕ್ಕು ಅವಳಿಗೆ ಎಂದದ್ದು, ಎಲ್ಲ ಆ ಅಕ್ಷರದೊಳಗೆ ಇತ್ತು. ನಿನ್ ಹತ್ರ ಹಾಗೆಲ್ಲ ಮಾಡಲ್ಲ ಅಂದ್ಕೊಂಡಿದ್ದೆ, ಹಾಗಂದ್ಕೊಂಡೇ ನಿನ್ನ ಕರೆದಿದ್ದು, ನೀನು ಅಂದ್ರೆ… ಮಾತು ಅಲ್ಲಿಗೇ ಬಿಟ್ಟಳು, ಕನ್ನಡಿಯಲ್ಲಿ ಚೆಲುವಿನ ಮುಖ, ಸಪ್ಪೆ ಮುಖ, ಎರಡೂ ಪಕ್ಕಪಕ್ಕದಲ್ಲೇ ಇದ್ದವು, ಉಳಿದದ್ದನ್ನು ಕನ್ನಡಿಯೇ ಹೇಳಿತು. ಟೀಚರಮ್ಮಂಗೆ ಹೇಳ್ಬೇಡ, ಕೈ ಮುಗೀತೀನಿ, ನಾಳೆ ವಾಪಸ್ ಹೋಗ್ತೀವಲ್ಲ, ಸುಧಾರಿಸ್ಕೊ. ಸುಧಾರಿಸ್ಕೊ, ಎಷ್ಟು ನಯವಾದ ಮಾತು, ಒಳಗೆ ಕೊಳೆತದ್ದರ ಮೇಲೆ ಕೂರಿಸುವ ಹೊಳಪು ಹಲ್ಲು, ಗೊಂಬೆಯನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅನ್ನಿಸಿತು, ಎರಡೂ ಆಗಲಿಲ್ಲ.

ಹೊರಗೆ ಚೌಕದಲ್ಲಿ ಬಿಸಿಲು, ಟೀಚರಮ್ಮ ಆಗಲೇ ಐಸ್‌ಕ್ರೀಮು ನೆಕ್ಕುತ್ತಿದ್ದಾಳೆ, ಅವನು ಎರಡು ಕೋನು ಹಿಡಿದು ನಿಂತಿದ್ದಾನೆ, ಬನ್ನಿ ಬನ್ನಿ, ಹಲ್ಲಿನವರಿಗೆ ತಣ್ಣಗಿದ್ದು ಜುಂ ಅನ್ನುತ್ತೋ ಏನೋ, ಕೈ ಚಾಚಿದ, ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು, ತಗೊಳ್ಳಿ ಕರಗ್ತಿದೆ, ಕರಗಲಿ, ಕರಗಿ ಕೋನಿನ ಅಂಚಿನಿಂದ ಅವನ ಹೆಬ್ಬೆರಳಿಗೆ ಇಳಿಯಿತು, ಬಿಳಿ ಬಿಳಿ. ನೀವು ಮುಟ್ಟಿದ್ದು ನಂಗೆ ಬೇಡ, ಎಂದಳು, ದನಿ ಅವಳಿಗೇ ಅಪರಿಚಿತ, ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರು, ಗೋಪುರದ ಕತ್ತಲಲ್ಲಿ ನನ್ ಬೆನ್ ಮೇಲೆ ಬೆರಳಾಡಿಸಿದ್ರಲ್ಲ, ಕಲ್ಲು ಅಂದ್ಕೊಂಡ್ರಾ, ನಾನು ಬೇಡ ಅಂತೀನಿ, ಕೇಳಿಸ್ತಾ, ಬೇಡ. ಏನ್ರೀ ಇದು ತಮಾಷೆ ಎಂದು ಅವನು ನಗಲು ನೋಡಿದ, ನಗುವಿಗೆ ಜೊತೆ ಸಿಗಲಿಲ್ಲ, ಟೀಚರಮ್ಮ ಅವಳ ಮುಖ ನೋಡಿದಳು, ಅವನ ಮುಖ ನೋಡಲಿಲ್ಲ, ಅರ್ಧ ತಿಂದ ಕೋನನ್ನು ಕಸದ ಡಬ್ಬಿಗೆ ಹಾಕಿದಳು, ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ, ಯಾಕೆ ಕೇಳಲಿಲ್ಲ, ಎಲ್ಲದಕ್ಕೂ ಪ್ರಶ್ನೆ ಕೇಳುವವಳು, ಅಯ್ಯೋ, ಅಂದರೆ ಅವಳಿಗೂ — ಹಲ್ಲಕ್ಕ, ಬ್ಯಾಗ್ ತಗೋ, ಸಂಜೆ ರೈಲು ಸಿಗುತ್ತೆ, ಇಬ್ರೂ ಹೋಗೋಣ, ಎಂದಳು ಟೀಚರಮ್ಮ, ಹೋಗೋಣ, ನಡೆ, ಹೆಜ್ಜೆಯನ್ನೂ ಇಟ್ಟಾಗಿದೆ, ಗೊಂಬೆ, ನೀನೂ ಬಾರೇ ಎಂದು ಕರೆಯಲು ಹಲ್ಲಕ್ಕ ತಿರುಗಿದಳು, ಕರೆಯಲಿಲ್ಲ, ಕರೆಯಲಾಗಲಿಲ್ಲ, ಗೊಂಬೆ ಕೈಚೀಲದಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದಿದ್ದಾಳೆ, ಅವನ ಹೆಬ್ಬೆರಳು ಹಿಡಿದಿದ್ದಾಳೆ, ಮಗುವಿನದನ್ನು ಒರೆಸುವ ಹಾಗೆ ಒರೆಸುತ್ತಿದ್ದಾಳೆ, ತಲೆಯೆತ್ತದೆ, ಬುಡದಿಂದ ತುದಿಗೆ, ಗಿಣ್ಣಿನ ಗೆರೆ, ಉಗುರಿನ ಸಂದಿ, ಮತ್ತೆ ಬುಡದಿಂದ, ಆ ಹೆಬ್ಬೆರಳನ್ನು, ಉಗುರಿನ ಸಂದಿ, ಮತ್ತೆ, ಆ ಹೆಬ್ಬೆರಳನ್ನು —