ಅಪಿಯೊ ಬಿಗಿದ ಗೇಟು

ಕ್ರೀಡಾಂಗಣದ ಹಿಂದಿನ ಗೇಟಿನ ಚಿಲಕ ಮುರಿದು ವರ್ಷಗಳೇ ಆಗಿದ್ದವು. ರಿಪೇರಿ ಮಾಡಿಸಬೇಕಾದ ಮಹಾನುಭಾವರಿಗೆ ಪುರುಸೊತ್ತಿರಲಿಲ್ಲ. ಪಂದ್ಯದ ದಿನ ಬಂತೆಂದರೆ ಮಾತ್ರ ಅವರಿಗೆ ನನ್ನ ಮಕ್ಕಳ ನೆನಪಾಗುತ್ತಿತ್ತು.

ನನ್ನ ಮಕ್ಕಳು ಎಂದರೆ ನಮ್ಮ ಶಾಲೆಯ ಸ್ಕೌಟ್ ತುಕಡಿ. ಹದಿನಾರು, ಹದಿನೇಳರ ಹುಡುಗ ಹುಡುಗಿಯರು. ಕೀನ್ಯಾದಲ್ಲಿ ಈ ವಯಸ್ಸಿನವರ ತುಕಡಿಗೆ ಮ್ವಾಂಬಾ, ಅಂದರೆ ಬಂಡೆ, ಎಂದು ಹೆಸರು. ಚರ್ಚಿನ ಮೆರವಣಿಗೆಯಿರಲಿ, ದೊಡ್ಡ ಮನುಷ್ಯರ ಶವಯಾತ್ರೆಯಿರಲಿ, ಫುಟ್‌ಬಾಲ್ ಇರಲಿ, ಜನರನ್ನು ತಡೆಯಲು ಈ ಬಂಡೆಗಳೇ ಬೇಕು. ಪುಕ್ಕಟೆ ಸಿಗುತ್ತವಲ್ಲ.

ಆ ಭಾನುವಾರ ಸರೋವರದ ಮೀನುಗಾರರ ತಂಡಕ್ಕೂ ಸಕ್ಕರೆ ಕಾರ್ಖಾನೆ ತಂಡಕ್ಕೂ ಪಂದ್ಯ. ಬೆಳಿಗ್ಗೆ ಎಣ್ಣೆಯಲ್ಲಿ ಕರಿದ ಮಂದಾಜಿ ತಿಂದು ಚಹಾ ಕುಡಿದು ಹೋದೆವು. ಬಾಗಿಲಲ್ಲೇ ಇನ್‌ಸ್ಪೆಕ್ಟರ್ ಮಕ್ಕಳ ಸೊಂಟದ ಮಡಚು ಚಾಕುಗಳನ್ನೆಲ್ಲ ಕಿತ್ತುಕೊಂಡು ಪೊಲೀಸ್ ಲಾರಿಯೊಳಗೆ ಎಸೆದ.

"ಆಟದ ಜಾಗಕ್ಕೆ ಚಾಕು ತರೋದು ಯಾವೂರ ನ್ಯಾಯ ಮೇಡಂ?" ಎಂದ.

"ಸ್ಕೌಟ್ ಹತ್ರ ಚಾಕು ಇಲ್ದೆ ಸೌಟು ಇರುತ್ತಾ?" ಎಂದೆ. ನಗಲಿಲ್ಲ ಪುಣ್ಯಾತ್ಮ.

ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ ಮೇಲೆ ಅವನು ನಮ್ಮನ್ನು ಹಿಂದಿನ ಗೇಟಿನ ಹೊರಗೆ ನಿಲ್ಲಿಸಿದ. "ಏ ಸ್ಕೌಟ್‌ಗಳಾ, ಇದನ್ನ ಕಟ್ರೋ. ಕಟ್ಟೋದೇ ತಾನೆ ನಿಮ್ ವಿದ್ಯೆ?"

ಕಟ್ಟಿದ್ದು ನಮ್ಮ ತುಕಡಿಯ ಅಪಿಯೊ. ಗೇಟಿಗೆ ಅಡ್ಡವಾಗಿ ನೀಲಗಿರಿಯ ಗಳ ಇಟ್ಟು, ಎರಡೂ ಬದಿಯ ಕಂಬಕ್ಕೆ ಕತ್ತಾಳೆ ಹಗ್ಗದಿಂದ ಬಿಗಿದಳು. ಗಂಟು ಹಾಕುವುದರಲ್ಲಿ ಜಿಲ್ಲೆಯಲ್ಲೇ ಅವಳ ಸಮ ಯಾರೂ ಇಲ್ಲ. ನಾನೇ ಕಲಿಸಿದ್ದು. ಬಿಗಿದು ಮುಗಿಸಿ ಗಳದ ಮೇಲೆ ಕುಕ್ಕರಿಸಿ ಕೂತು, "ಹಿಪ್ಪೊ ಬಂದು ಗುದ್ದಿದ್ರೂ ಅಲ್ಲಾಡಲ್ಲ ಮೇಡಂ," ಎಂದಳು. ನನಗೆ ಹೆಮ್ಮೆಯಾಯಿತು.

ದ್ವಿತೀಯಾರ್ಧದಲ್ಲಿ ರೆಫರಿ ಪೆನಾಲ್ಟಿ ಕೊಟ್ಟ. ಒಳಗೆ ಕಲ್ಲು ತೂರಾಟ ಶುರುವಾಯಿತು. ಪೊಲೀಸರು, ಯಾವ ಬುದ್ಧಿಯಿಂದಲೋ ಕಾಣೆ, ಜನ ಕಿಕ್ಕಿರಿದ ಅಟ್ಟಣೆಯ ಮೇಲೇ ಅಶ್ರುವಾಯು ಹಾರಿಸಿದರು. ಆ ಜನವೆಲ್ಲ ಹಿಂದಿನ ಗೇಟಿಗೆ ನುಗ್ಗಿತು.

ಗೇಟು ತೆರೆಯುವುದು ಹೊರಗಡೆಗೆ. ಅಪಿಯೊಳ ಗಳ ಅದನ್ನು ತಡೆದು ನಿಂತಿತು. ಸರಳುಗಳ ಹಿಂದೆ ಮೊದಲು ಕೈಗಳು ಬಂದವು, ಆಮೇಲೆ ಮುಖಗಳು. ಒಬ್ಬ ಹೆಂಗಸಿನ ಕೆನ್ನೆ ಎರಡು ಸರಳುಗಳ ನಡುವೆ ಸಿಕ್ಕಿಬಿದ್ದಿತ್ತು. ಅವಳು ಕಿರುಚಲು ಬಾಯಿ ತೆರೆದಳು. ಉಸಿರಿಗೇ ಜಾಗವಿರಲಿಲ್ಲ, ಕೂಗು ಎಲ್ಲಿಂದ ಬರಬೇಕು?

"ಬಿಚ್ಚೇ!" ಎಂದು ಅರಚಿದೆ.

"ಆಗ್ತಿಲ್ಲ ಮೇಡಂ! ತಳ್ಳಿದಷ್ಟೂ ಗಂಟು ಬಿಗಿತಿದೆ!"

ಬಿಗಿಯಲೇಬೇಕು, ಒಳ್ಳೆಯ ಕಟ್ಟಿನ ಲಕ್ಷಣವೇ ಅದು. ಉಗುರು ಹಾಕಿದಳು. ಹಲ್ಲು ಹಾಕಿದಳು. ಒಳಗಿನಿಂದ ಒಂದು ಕೈ ಅವಳ ಕೂದಲು ಹಿಡಿದು ತಲೆಯನ್ನು ಸರಳಿಗೆ ಬಡಿಯಿತು, ಮತ್ತೆ ಬಡಿಯಿತು. ಅವಳು ಹಗ್ಗ ಬಿಡಲಿಲ್ಲ. ಚಾಕುಗಳಿದ್ದ ಲಾರಿಯ ಕಡೆ ತಿರುಗಿ ನೋಡಿದೆ. ಪೊಲೀಸರನ್ನು ತುಂಬಿಕೊಂಡು ಅದು ಆಗಲೇ ಓಡುತ್ತಿತ್ತು.

ಕೊನೆಗೆ ಒಡೆರಾ, ನಮ್ಮಲ್ಲೇ ದೊಡ್ಡ ಹುಡುಗ, ಸೋಡಾ ಬಾಟಲಿ ಒಡೆದು ಗಾಜು ತಂದ. ಇಬ್ಬರೂ ಎರಡು ಬದಿಯಲ್ಲಿ ಕೊಯ್ದರು. ಹಗ್ಗಕ್ಕಿಂತ ಮೊದಲು ಅವರ ಬೆರಳುಗಳೇ ಕೊಯ್ದುಹೋದವು. ಹಗ್ಗ ಹರಿದಾಗ ಗೇಟು ಸಿಡಿದು ಇಬ್ಬರನ್ನೂ ಗೋಡೆಗೆ ಎಸೆಯಿತು. ಜನ ಜನರನ್ನೇ ತುಳಿದುಕೊಂಡು ಹೊರಬಂದರು. ಮುಂದಿದ್ದವರು ಬರಲಿಲ್ಲ. ಆ ಹೆಂಗಸು ಗೇಟಿಗೆ ಒರಗಿದ ಹಾಗೇ ಜಾರಿ ಕೂತಳು, ಮತ್ತೆ ಏಳಲಿಲ್ಲ.

ಬದುಕಿ ಬಂದವರಿಗೆ ಉಸಿರು ಮರಳಿತು, ಉಸಿರಿನ ಜೊತೆಗೇ ಸಿಟ್ಟು.

"ಈ ಖಾಕಿ ಪಿಳ್ಳೆಗಳೇ ಕಟ್ಟಿದ್ದು! ಹಿಡೀರಿ!"

ಒಡೆರಾನನ್ನು ನಾಲ್ಕಾರು ಜನ ನೆಲಕ್ಕೆ ಕೆಡವಿದರು. ಒಬ್ಬ ಅವನ ಎದೆಯ ಮೇಲೆ ಕುಪ್ಪಳಿಸಿದ. ನಾನು ಕೈಗೆ ಸಿಕ್ಕ ಕಲ್ಲಿನಿಂದ ಅವನ ಮಂಡಿಗೆ ಬಾರಿಸಿ, ಒಡೆರಾನ ಕಾಲರು ಹಿಡಿದು ಎಳೆದೆ. "ಶರ್ಟ್ ಬಿಚ್ಚಿ! ಸ್ಕಾರ್ಫ್ ಬಿಸಾಕಿ! ಜನರ ಮಧ್ಯೆ ಸೇರ್ಕೊಂಡು ಓಡ್ರೋ!" ಮಕ್ಕಳು ಶರ್ಟು, ಸ್ಕಾರ್ಫು, ಸ್ಕೌಟಿನ ಊರುಗೋಲು ಎಲ್ಲ ಬಿಸುಟು ಓಡಿದರು. ಒಡೆರಾನೂ ಕುಂಟುತ್ತ ಮರೆಯಾದ. ಉಳಿದವಳು ಅಪಿಯೊ ಒಬ್ಬಳೇ. ಅವಳನ್ನು ಜೀವಸಹಿತ ಅವಳಮ್ಮನ ಮುಂದೆ ನಿಲ್ಲಿಸಬೇಕು, ನನಗೆ ಬೇರೆ ಏನೂ ಬೇಕಿರಲಿಲ್ಲ.

"ಯಾರ್ ಕೇಳಿದ್ರೂ ಪೊಲೀಸ್ರು ಕಟ್ಟಿದ್ದು ಅನ್ನು. ತಿಳೀತಾ?"

"ಪೊಲೀಸ್ರಿಗೆ ಕಟ್ಟಕ್ಕೆ ಬರಲ್ಲ ಮೇಡಂ," ಎಂದಳು. ಅಂಥ ಹೊತ್ತಿನಲ್ಲೂ ನನಗೆ ಅವಳ ಕಪಾಳಕ್ಕೆ ಬಿಗಿಯಬೇಕೆನಿಸಿತು.

ಹಳದಿ ಜರ್ಸಿಯ ಒಬ್ಬ ಗಂಡಸು ಕಂಕುಳಿಗೆ ಕೈಕೊಟ್ಟು ತನ್ನ ಮಗನನ್ನು ಎಳೆದುಕೊಂಡು ಬಂದ. ಮಗನಿಗೂ ಅಪಿಯೊಳದೇ ವಯಸ್ಸು. ಮೊಣಕಾಲಿನ ಕೆಳಗೆ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅಪ್ಪ ಅವನನ್ನು ಮಲಗಿಸಿ, ಬಿದ್ದಿದ್ದ ನೀಲಗಿರಿ ಗಳ ಎತ್ತಿಕೊಂಡ.

"ಯಾರೇ ಗೇಟು ಕಟ್ಟಿದ್ದು?"

"ಪೊಲೀಸ್ರು," ಎಂದೆ ನಾನು.

"ನಾನು," ಎಂದಳು ಅಪಿಯೊ.

ಗಳ ಅವಳ ಭುಜಕ್ಕೆ ಬಿತ್ತು. ನಾನು ಹಾರಿ ಅವನ ತೋಳು ಕಚ್ಚಿದೆ, ಬಾಯಿಗೆ ರಕ್ತದ ರುಚಿ ಬರುವವರೆಗೂ ಕಚ್ಚಿದೆ. ಅವನು ಮೊಣಕೈಯಿಂದ ನನ್ನ ಮುಖಕ್ಕೆ ಗುದ್ದಿ ಬೀಳಿಸಿದ. ಎರಡನೇ ಏಟು ಅಪಿಯೊಳ ಬೆನ್ನಿಗೆ. ಅವಳು ಅಂಬೆಗಾಲಲ್ಲಿ ಆ ಹುಡುಗನ ಕಡೆಗೆ ತೆವಳಿದಳು.

"ಹೊಡೀರಿ ಅಪ್ಪಾ. ಮೊದ್ಲು ಇವ್ನ ಕಾಲು ಕಟ್ಟಿಬಿಡ್ತೀನಿ. ರಕ್ತ ಹೋಗ್ತಿದೆ."

ಅವನ ಎತ್ತಿದ ಕೈ ಅಲ್ಲೇ ನಿಂತಿತು. ಅವಳು ಮಕ್ಕಳು ಬಿಸುಟ ಸ್ಕಾರ್ಫುಗಳನ್ನು ಬಾಚಿಕೊಂಡು, ಗಾಯದ ಮೇಲ್ಗಡೆ ಒಂದು ಬಿಗಿದು, ಕಾಲಿನ ಎರಡೂ ಕಡೆ ಹಲಗೆಯ ಚೂರಿಟ್ಟು ಕಟ್ಟಿದಳು. ಆಮೇಲೆ ಎರಡು ಊರುಗೋಲುಗಳಿಗೆ ಶರ್ಟುಗಳ ತೋಳು ತೂರಿಸಿ ಸ್ಟ್ರೆಚರ್ ಮಾಡಿದಳು. ಅವಳ ಮೂಗಿನಿಂದ ರಕ್ತ ಹುಡುಗನ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಪ್ಪ ಗಳ ಹಿಡಿದು ನೋಡುತ್ತಲೇ ಇದ್ದ. ಇವನ ಸಿಟ್ಟು ಇಳಿಯಿತು, ಬದುಕಿದೆವು ಎಂದುಕೊಂಡೆ.

ಹುಡುಗನನ್ನು ಅದರ ಮೇಲೆ ಎಳೆದು ಮಲಗಿಸಿ, ಅಪಿಯೊ ಸುಸ್ತಾಗಿ ನೆಲಕ್ಕೆ ಕೈಯೂರಿ ಕೂತಳು. "ಆಯ್ತು," ಎಂದಳು.

"ಆಯ್ತಾ?" ಎಂದ ಅವನು. ಆ ಕೈಯ ಮೇಲೆ ಗಳ ಬೀಸಿದ.

ಬೆರಳುಗಳು ಮುರಿದ ಸದ್ದು ನನಗೆ ಕೇಳಿಸಿತು. ಅಪಿಯೊ ಕೂಗಲಿಲ್ಲ, ಬಾಯಿ ತೆರೆದು ಕೈಯನ್ನೇ ನೋಡಿದಳು. ಕೂಗಿದ್ದು ಅವನ ಮಗ. "ಅಪ್ಪಾ! ಸಾಕಪ್ಪಾ! ಥೂ, ನೀನೊಬ್ಬ ಮನುಷ್ಯನಾ?"

ಅವನು ಗಳ ಬಿಸಾಕಿ, ಸ್ಟ್ರೆಚರಿನ ಮುಂದಿನ ಹಿಡಿ ಹಿಡಿದು ನಿಂತ. ಹಿಂದಿನ ಹಿಡಿಗೆ ಯಾರೂ ಇರಲಿಲ್ಲ. ಸುತ್ತ ನೋಡಿ, ಕೊನೆಗೆ ನನ್ನನ್ನು ನೋಡಿದ. ಬಿದ್ದಲ್ಲೇ ಒಂದು ಕಲ್ಲು ನನ್ನ ಕೈಗೆ ಸಿಕ್ಕಿತ್ತು. ಅವನ ಎರಡು ಕೈಯೂ ಹಿಡಿಯ ಮೇಲಿತ್ತು, ತಲೆ ಬಗ್ಗಿತ್ತು. ಒಂದೇ ಏಟು ಸಾಕಿತ್ತು. ಕೊಲ್ಲಬೇಕೆಂದೇ ಮುಂದೆ ಹೋದೆ, ಸುಳ್ಳು ಯಾಕೆ ಹೇಳಲಿ.

"ಎತ್ತಿ ಮೇಡಂ," ಎಂದಳು ಅಪಿಯೊ. "ನನ್ ಕೈಲಿ ಆಗಲ್ಲ."

ಕಲ್ಲು ಕೆಳಗೆ ಬಿಟ್ಟು ಹಿಂದಿನ ಹಿಡಿ ಎತ್ತಿದೆ. ಅವನು ಮುಂದೆ, ನಾನು ಹಿಂದೆ. ಆಸ್ಪತ್ರೆಯವರೆಗೂ ಆ ಬೆವೆತ ಕತ್ತನ್ನೇ ನೋಡುತ್ತ ನಡೆದೆ. ಅಪಿಯೊ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಪಕ್ಕದಲ್ಲೇ ಬರುತ್ತಿದ್ದಳು. "ಎಡಗಡೆ ಗುಂಡಿ ಇದೆ... ನಿಧಾನ... ಅವನ ಕಾಲು ಅಲ್ಲಾಡಬಾರ್ದು," ಎಂದು ದಾರಿ ಹೇಳುತ್ತಿದ್ದಳು. ಅವನು ಪ್ರತಿ ಸಲವೂ ಅವಳು ಹೇಳಿದ ಹಾಗೆಯೇ ಹೆಜ್ಜೆಯಿಟ್ಟ.

ಅಪಿಯೊ ಅವನನ್ನು ಕ್ಷಮಿಸಿದ್ದಾಳಂತೆ. ನಾನು ಕ್ಷಮಿಸಿಲ್ಲ.